ನೂರಾ ಹನ್ನೆರಡನೇ ಪುಟದ ವಾಕ್ಯ

ಬಾಂಬಿಡುವವರ ಬಗ್ಗೆ ಬೊಮ್ಮರಸರು ನಲವತ್ತು ವರ್ಷ ಬರೆದರು. ಅವರ ಪುಸ್ತಕಗಳನ್ನು ಓದಿದವರಿಗಿಂತ ಹೊತ್ತವರೇ ಹೆಚ್ಚು. ಒಂದು ಠಾಣೆಯಲ್ಲಿ ಅಂಥದೊಂದನ್ನು ಮೇಜಿನ ಮೇಲೆ ದೊಪ್ಪೆಂದು ಇಟ್ಟ ಸದ್ದಿಗೇ ಮೂವರು ತಪ್ಪೊಪ್ಪಿಕೊಂಡರಂತೆ. ಅವರಲ್ಲಿ ಒಬ್ಬ ದೂರು ಕೊಡಲು ಬಂದವನು.

ಈಗ ಅವರು ಹೊಳೆದಂಡೆಯ ಆಶ್ರಮವೊಂದರಲ್ಲಿದ್ದರು. ಕೇಳಿಕೊಂಡು ಬಂದವರಿಗೆ ಪಾಠ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಹಾಲಪ್ಪ ಬಂದ. ಕಂಕುಳಲ್ಲಿ ಅವನ ಮೊದಲ ಪುಸ್ತಕ. ಏಳು ವರ್ಷ ಅಲೆದು ಬರೆದದ್ದು. ಎದೆ ಎಷ್ಟು ಉಬ್ಬಿತ್ತೆಂದರೆ ಆಶ್ರಮದ ಗೇಟಿನಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬರಬೇಕಾಯಿತು.

ಪುಸ್ತಕದಲ್ಲಿದ್ದದ್ದು ರೈಲು ಸೇತುವೆ ಉಡಾಯಿಸಲು ಹೊರಟ ಒಂದು ಗುಂಪಿನ ಕಥೆ. ಸೇತುವೆ ಉಳಿಯಿತು. ನಾಲ್ವರು ಸಿಕ್ಕಿಬಿದ್ದರು. ನಾಯಕ ಮಾತ್ರ ತಪ್ಪಿಸಿಕೊಂಡ. ಇವತ್ತಿಗೂ ಸಿಕ್ಕಿಲ್ಲ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತು ಓದಿದರು. ಹಾಲಪ್ಪ ಅವರ ಹುಬ್ಬನ್ನೇ ನೋಡುತ್ತ ಕೂತ. ಹುಬ್ಬು ಒಮ್ಮೆ ಮಾತ್ರ ಅಲುಗಿತು.

"ನೂರಾ ಹನ್ನೆರಡನೇ ಪುಟ. ನೀನೇ ಓದು."

ಹಾಲಪ್ಪನ ಮುಖ ಅರಳಿತು. ಆ ವಾಕ್ಯ ಅವನಿಗೆ ಬಾಯಿಪಾಠ.

"'ಸೇತುವೆಗೆ ಹೊರಡುವ ಮುನ್ನ ನಾಯಕ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ಬಾಯಿ ತೊಳೆಯಲು ಚಾಚಿದ ಬೊಗಸೆಯಲ್ಲಿ ನೀರು ನಿಲ್ಲಲಿಲ್ಲ, ಅಷ್ಟು ನಡುಗುತ್ತಿತ್ತು.'"

"ಪುಸ್ತಕದಲ್ಲೇ ಚಂದದ ಮಾತು."

"ಎಲ್ಲರೂ ಹಾಗೇ ಅಂತಾರೆ ಗುರುಗಳೇ! ಜಗತ್ತನ್ನು ಹೆದರಿಸೋನಿಗೂ ಹೆದರಿಕೆ ಅನ್ನೋದು..."

"ಇದನ್ನ ಹೇಳಿದ್ದು ಯಾರು?"

"ಆ ಮನೇಲಿ ಅಡುಗೆ ಮಾಡ್ತಿದ್ದ ಹೆಂಗಸು. ಆದ್ರೆ ಪುಸ್ತಕದಲ್ಲಿ ಅವಳ ಸುಳಿವೇ ಇಲ್ಲ ಬಿಡಿ. ಹೆಸರು ಬದಲಾಯಿಸಿದ್ದೀನಿ, ಊರು ಬದಲಾಯಿಸಿದ್ದೀನಿ. ಅವಳ ಹಸುವನ್ನೂ ಎಮ್ಮೆ ಮಾಡಿದ್ದೀನಿ."

ಗುರುಗಳು ಎದ್ದು ನಾಲ್ಕು ಮೆಟ್ಟಿಲಿಳಿದರು. "ಆ ಚೊಂಬು ತಗೊಂಡು ಬಾ. ಕೈಗೆ ನೀರು ಹಾಕು."

ಹಾಲಪ್ಪ ಹಾಕಿದ. ಗುರುಗಳು ಬಾಯಿ ಮುಕ್ಕಳಿಸಿ ಉಗಿದರು.

"ಇಲ್ಲಿ ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ. ನೀವು, ನಾನು."

"ನಾನು ಬಾಯಿ ಮುಕ್ಕಳಿಸಿದ್ದು ನಾಳೆ ಪುಸ್ತಕದಲ್ಲಿ ಬಂದರೆ, ನಾನು ಯಾರನ್ನ ಹುಡುಕಿಕೊಂಡು ಹೋಗಲಿ?"

ಹಾಲಪ್ಪ ನಗಲು ಹೋದ. ಕೈಯಲ್ಲಿದ್ದ ಚೊಂಬು ಮೆಟ್ಟಿಲ ಮೇಲೆ ಬಿದ್ದು ಠಣಠಣ ಉರುಳಿತು.

ಹಿತ್ತಲಲ್ಲಿ ಇದ್ದದ್ದು ಇಬ್ಬರೇ. ನಾಯಕ, ಮತ್ತು ನೀರು ಹಾಕಿದ ಅಡುಗೆಯವಳು.

"ಗುರುಗಳೇ... ಅವನು ಪುಸ್ತಕ ಓದ್ತಾನಾ?"

"ನನ್ನ ಪುಸ್ತಕ ಪೊಲೀಸರಿಗಿಂತ ಮೊದಲು ಕೊಳ್ಳುತ್ತಿದ್ದವರು ಅಂಥವರೇ. ಒಬ್ಬ ತಪ್ಪು ತಿದ್ದಿ ಕಾಗದವನ್ನೂ ಬರೆದಿದ್ದ. ಒಳ್ಳೇ ಅಕ್ಷರ."

ವರ್ಷಗಟ್ಟಲೆ ಬಾಯಿ ಬಿಡದವಳು ಆಕೆ. ಹಾಲಪ್ಪ ಹದಿನಾಲ್ಕು ಸಲ ಅವಳ ಜಗಲಿಯಲ್ಲಿ ಕೂತು ಬಂದಿದ್ದ. ಹದಿನೈದನೇ ಸಲ, ಹುರುಳಿ ಆರಿಸುತ್ತ, ತಲೆ ಎತ್ತದೆ ಹೇಳಿದ್ದಳು. ಆಮೇಲೆ ಒಂದೇ ಮಾತು ಕೇಳಿದ್ದಳು: "ನಂಗೇನೂ ಆಗಲ್ಲ ತಾನೆ, ಸ್ವಾಮಿ?"

"ಏನೂ ಆಗಲ್ಲ ಕಣಮ್ಮ" ಅಂದಿದ್ದ ಹಾಲಪ್ಪ. ಎಷ್ಟು ಸಲೀಸಾಗಿ ಅಂದಿದ್ದ!

"ಪುಸ್ತಕ ಎಲ್ಲಿವೆ?" ಗುರುಗಳು ಕೇಳಿದರು.

"ಪ್ರೆಸ್ಸಿನಲ್ಲಿ. ಸಾವಿರ ಪ್ರತಿ. ಮಧ್ಯಾಹ್ನಕ್ಕೆ ಲಾರಿ ಹೊರಡುತ್ತೆ."

ಸೂರ್ಯ ಆಗಲೇ ಮರದ ನೆತ್ತಿಗೆ ಬಂದಿದ್ದ.

ಆಶ್ರಮದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹೊಳೆಯ ನಡುಬಂಡೆಯ ಮೇಲೆ ಮಾತ್ರ. ನೆಟ್ಟಗೆ ನಿಂತರೆ ಒಂದು ಗೀಟು, ಒಂಟಿ ಕಾಲಲ್ಲಿ ನಿಂತರೆ ಎರಡು. ಹಿಂದೆ ಅಲ್ಲಿ ತಪಸ್ಸು ಮಾಡಿದ ಋಷಿಗಳೂ ಇಷ್ಟು ಕಷ್ಟ ಬಿದ್ದಿರಲಿಲ್ಲ. ಹಾಲಪ್ಪ ಸೊಂಟದುದ್ದ ನೀರಲ್ಲಿ ಹಾದು, ಬಂಡೆ ಹತ್ತಿ, ಒಂಟಿ ಕಾಲಲ್ಲಿ ನಿಂತ.

ಪ್ರಕಾಶಕ ಸಿದ್ಲಿಂಗಪ್ಪನಿಗೆ ಆರನೇ ಸಲಕ್ಕೆ ಕರೆ ಹೋಯಿತು.

"ಲಾರಿ ನಿಲ್ಲಿಸಿ! ಒಂದು ಪ್ರತೀನೂ ಹೊರಗೆ ಹೋಗಬಾರದು!"

"ಏನ್ರೀ ಹಾಲಪ್ಪನೋರೆ, ಬಿಸಿಲಿಗೆ ತಲೆ ಕೆಡ್ತೋ ಹೆಂಗೆ? ಡ್ರೈವರ್ ಟೀ ಕುಡೀತಾ ಇದಾನೆ, ಕುಡಿದು ಹೊರಡೋದೇ."

"ಒಂದು ವಾಕ್ಯ ತಪ್ಪಾಗಿದೆ."

"ಅಯ್ಯೋ, ಒಂದೇ ತಾನೆ? ನಾನು ಅಚ್ಚು ಹಾಕಿದ ಪುಸ್ತಕಗಳಲ್ಲೇ ಅತಿ ಕಡಿಮೆ ತಪ್ಪಿನ ಪುಸ್ತಕ ಅದು! ಬೇಕಾದ್ರೆ ಆ ಪುಟ ಹರಿದು ಕಳಿಸ್ತೀನಿ."

ಹಾಲಪ್ಪನಿಗೆ ಒಂದು ಕ್ಷಣ ಜೀವ ಬಂತು. ಮರುಕ್ಷಣ ಹೋಯಿತು. ಸಾವಿರ ಪುಸ್ತಕದಲ್ಲೂ ಒಂದೇ ಪುಟ ಇಲ್ಲದಿದ್ದರೆ, ಅಲ್ಲೇನಿತ್ತು ಅಂತ ಊರೆಲ್ಲ ಹುಡುಕುತ್ತದೆ. ಪ್ರೆಸ್ಸಿನ ಹುಡುಗರೇ ಮೊದಲು ಹೇಳುತ್ತಾರೆ.

"ಬೇಡ. ಎಲ್ಲಾನೂ ಕಾಗದದ ಗಿರಣಿಗೆ ಹಾಕಿ ರುಬ್ಬಿಸಿಬಿಡಿ."

"ರುಬ್ಬಿಸಿ? ಸೋಮವಾರ ನಿಮ್ಮ ಪ್ರೊಫೆಸರ್ ಹುದ್ದೆ ಸಂದರ್ಶನ ಅಲ್ವೇನ್ರೀ? ಪುಸ್ತಕ ಇಲ್ದೆ ಹೋಗಿ ಅಲ್ಲೇನು ಭಜನೆ ಮಾಡ್ತೀರಾ?"

ಬಂಡೆಯ ಸುತ್ತ ನೀರು ಸುಳಿಸುಳಿಯಾಗಿ ಹೋಗುತ್ತಿತ್ತು. ಏಳು ವರ್ಷ. ಹೆಂಡತಿ ಆಗಲೇ ಪೇಢೆ ಹಂಚಿದ್ದಳು.

"ರುಬ್ಬಿಸಿ, ಸಿದ್ಲಿಂಗಪ್ಪನೋರೆ. ನಿಮ್ಮ ದಮ್ಮಯ್ಯ."

ಫೋನಿನ ಆ ಕಡೆ ಸಿದ್ಲಿಂಗಪ್ಪ ಕೂಗಿದ್ದು ಕೇಳಿಸಿತು: "ಏಯ್ ಡ್ರೈವರ್, ಇಳಿಯೋ ಕೆಳಗೆ!"

ಹಾಲಪ್ಪ ಒದ್ದೆಯಾಗಿ ದಡಕ್ಕೆ ಬಂದ. ಗುರುಗಳು ಟವೆಲ್ ಕೊಟ್ಟರು. ಅವನು ಒರೆಸಿಕೊಳ್ಳಲಿಲ್ಲ.

"ನಿಂತಿತು, ಗುರುಗಳೇ."

"ಹ್ಞೂಂ."

"ಆದ್ರೆ ಹೋದ ತಿಂಗಳು ಒಂದು ಗೋಷ್ಠೀಲಿ ಆ ವಾಕ್ಯ ಓದಿದ್ದೆ. ನಲವತ್ತು ಜನ ಇದ್ರು. ಚಪ್ಪಾಳೆ ತಟ್ಟಿದ್ರು ಅಂತ ಎರಡನೇ ಸಲವೂ ಓದಿದೆ."

ಗುರುಗಳು ಕಣ್ಣು ಮುಚ್ಚಿದರು. ಅವಳ ಊರು, ಹೆಸರು ಕೇಳಿಕೊಂಡು, ಎದ್ದು ಒಳಗೆ ಹೋಗಿ, ಒಂದು ಚೀಟಿ ಬರೆದು, ಯಾರದೋ ಕೈಯಲ್ಲಿ ಕಳಿಸಿ ಬಂದರು.

"ಅವಳನ್ನ ಕಾಪಾಡಬೇಕಾದ ಪೊಲೀಸಿನವರಿಗೆ ಹೇಳಿ ಕಳಿಸಿದ್ದೀನಿ. ಅವರು ನೋಡಿಕೊಳ್ಳುತ್ತಾರೆ."

ಅಷ್ಟರಲ್ಲಿ ಹಾಲಪ್ಪ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

"ಎಲ್ಲಿಗೆ?"

"ಅವಳ ಊರಿಗೆ. ಹನ್ನೆರಡೂವರೆ ಬಸ್ಸು ಸಿಗುತ್ತೆ. ಮಾತಾಡ್ಸಲ್ಲ ಗುರುಗಳೇ, ದೂರದಿಂದ ನೋಡ್ಕೊಂಡು ಬರ್ತೀನಿ. ಒಲೆಯ ಹೊಗೆ ಏಳ್ತಿದ್ಯಾ, ಹಸು ಕಟ್ಟಿದೆಯಾ, ಅಷ್ಟೇ."

ಗುರುಗಳು ಬಗ್ಗಿ ಅವನ ಇನ್ನೊಂದು ಚಪ್ಪಲಿ ಎತ್ತಿಕೊಂಡರು. ಎಪ್ಪತ್ತೆಂಟರ ಮುದುಕರು ಎಸೆದ ಎಸೆತಕ್ಕೆ ಅದು ನಡುಬಂಡೆಯನ್ನೂ ದಾಟಿ ಹೊಳೆಗೆ ಬಿತ್ತು.

ಹಾಲಪ್ಪ ಒಂದೇ ಚಪ್ಪಲಿಯಲ್ಲಿ ನಿಂತ.

"ಅವಳ ಜಗಲಿಗೆ ಹದಿನೈದು ಸಲ ಹೋದವನು ನೀನು. ಆ ಊರಿನವರಿಗೆ ನಿನ್ನ ಮುಖ ಗೊತ್ತು. ಗೋಷ್ಠಿಯಲ್ಲಿ ನಿನ್ನ ಮಾತು ಕೇಳಿದವರಿಗೂ ಗೊತ್ತು. ಈಗ ಆ ನಾಯಕನ ಕಡೆಯವರು ಕಾಯುತ್ತ ಕೂತಿದ್ದರೆ, ನೀನು ಯಾವ ಬೀದಿಗೆ ತಿರುಗುತ್ತೀ ಅಂತಲೇ ಕಾಯುತ್ತಿರುತ್ತಾರೆ."

"ಹಾಗಾದ್ರೆ ಯಾವಾಗ ಹೋಗ್ಲಿ?"

ಗುರುಗಳು ಹೊಳೆ ನೋಡುತ್ತಿದ್ದರು.

"ಮುಂದಿನ ತಿಂಗಳು? ಬರೋ ವರ್ಷ?" ಹಾಲಪ್ಪ ಅವರ ಕಾಲ ಹತ್ತಿರ ಕುಸಿದು ಕೂತ. "ಅವಳು ಹೇಗಿದ್ದಾಳೆ ಅಂತ ಒಂದ್ಸಲ ಕಣ್ಣಲ್ಲಿ ನೋಡದೆ ನಾನು ಹೇಗಿರ್ಲಿ, ಗುರುಗಳೇ? ನೀವು ಹೇಗಿದ್ರಿ?"

"ಹನ್ನೊಂದು ಪುಸ್ತಕ ಬರೆದೆ, ಹಾಲಪ್ಪ. ಹನ್ನೊಂದು ಊರಿಗೆ ನಾನು ಹೋಗುವುದಿಲ್ಲ."