ಹಲ್ಲಿ ಹೇಳಿದ್ದೆಲ್ಲ ಸತ್ಯ

ತುಂಗಮ್ಮನವರ ನಡುಮನೆಯಲ್ಲಿ ಗೋಡೆ ಗಡಿಯಾರದ ಹಿಂದೆ ಒಂದು ಹಲ್ಲಿ ವಾಸವಾಗಿತ್ತು. ಯಾರಾದರೂ ಮಾತಾಡುವಾಗ ಅದು ಲೊಚಗುಟ್ಟಿದರೆ ಸಾಕು, ತುಂಗಮ್ಮನವರು ಬೆರಳಿನಿಂದ ನೆಲ ಕುಟ್ಟಿ, "ಕೃಷ್ಣ ಕೃಷ್ಣ, ಹಲ್ಲಿಯೂ ಹೂಂ ಅಂದಿತು, ಇದು ಸತ್ಯ" ಎನ್ನುತ್ತಿದ್ದರು. ಕೇಳಿ ಕೇಳಿ ಹಲ್ಲಿಗೆ ಜಂಬ ತಲೆಗೇರಿತು.

"ಗಡಿಯಾರಪ್ಪ, ನಾನು ಲೊಚಗುಟ್ಟಿದ್ದೆಲ್ಲ ನಿಜವಾಗುತ್ತದೆ, ಗೊತ್ತೇ?" ಎಂದಿತು.

"ಮೊನ್ನೆ ಅಳಿಯ ಬರುತ್ತಾನೆ ಅಂದಾಗ ಲೊಚಗುಟ್ಟಿದೆಯಲ್ಲ, ಅವನು ಬರಲೇ ಇಲ್ಲ" ಎಂದಿತು ಗಡಿಯಾರ.

"ಅದು ಲೊಚಗುಟ್ಟಿದ್ದಲ್ಲ, ಗಂಟಲು ಸರಿಮಾಡಿಕೊಂಡದ್ದು."

"ನಿನ್ನೆ ನಲ್ಲಿಯಲ್ಲಿ ನೀರು ಬರುತ್ತದೆ ಅಂದಾಗ?"

"ಆಗ ನನ್ನ ಬಾಯಲ್ಲಿ ಸೊಳ್ಳೆ ಇತ್ತು. ಅದೆಲ್ಲ ಲೆಕ್ಕಕ್ಕಿಲ್ಲ."

ಇಷ್ಟು ಹೇಳಿ ಹಲ್ಲಿ ಒಂದು ಪತಂಗವನ್ನು ಹಿಡಿಯಲು ಗೋಡೆಯ ಮೇಲಿಂದ ಕೆಳಗಿಳಿಯಿತು. ಅಲ್ಲೇ ಕುರ್ಚಿಯ ಮೇಲೆ ಬೆಕ್ಕು ಅರೆಗಣ್ಣು ಮುಚ್ಚಿ ಕೂತಿತ್ತು.

"ಸದ್ದು ಮಾಡಬೇಡ, ಮೆಲ್ಲಗೆ ಮೇಲೆ ಬಾ!" ಎಂದು ಗಡಿಯಾರ ಗಾಬರಿಯಿಂದ ಪಿಸುಗುಟ್ಟಿತು.

"ಹೆದರಬೇಡ. ಬೆಕ್ಕು ಈಗ ಹೊರಟುಹೋಗುತ್ತದೆ ನೋಡು" ಎಂದು ಹಲ್ಲಿ ಗಟ್ಟಿಯಾಗಿ ಲೊಚಗುಟ್ಟಿತು.

ಬೆಕ್ಕಿನ ಕಣ್ಣು ತೆರೆಯಿತು. ಒಂದೇ ನೆಗೆತಕ್ಕೆ ಹಲ್ಲಿಯ ಬಾಲ ಅದರ ಬಾಯಲ್ಲಿತ್ತು. ಮಿಸುಕಾಡುವ ಬಾಲವನ್ನು ಕಚ್ಚಿಕೊಂಡು ಬೆಕ್ಕು ಗಂಭೀರವಾಗಿ ಹಿತ್ತಲಿಗೆ ನಡೆಯಿತು.

ಬಾಲವಿಲ್ಲದ ಹಲ್ಲಿ ಏದುಸಿರು ಬಿಡುತ್ತ ಗಡಿಯಾರದ ಹಿಂದೆ ಬಂದು ಸೇರಿತು.

"ನೋಡಿದೆಯಾ? ಬೆಕ್ಕು ಹೋಗುತ್ತದೆ ಅಂದೆ, ಹೋಯಿತು!"

"ಬಾಲವೂ ಹೋಯಿತಲ್ಲ?"

"ಬಾಲದ ವಿಷಯದಲ್ಲಿ ನಾನು ಲೊಚಗುಟ್ಟಿಯೇ ಇರಲಿಲ್ಲ" ಎಂದಿತು ಹಲ್ಲಿ.