ನಾಲ್ಕು ಮಾತ್ರೆಯ ಕೊರತೆ

ಹೊಳೆಯಂಚಿನ ಮಠದಲ್ಲಿ ಪರ್ವತಯ್ಯ ಎಂಟು ವರ್ಷ ಛಂದಸ್ಸು ಕಲಿತ. ಇನ್ನು ಬೇರೆ ಊರಿಗೆ ಹೋಗಿ ತಾನೇ ಪಾಠ ಹೇಳಬೇಕೆಂದು ಗುರುಗಳ ಅಪ್ಪಣೆ ಕೇಳಿದ.

"ಒಂದು ಪದ್ಯ ಪರೀಕ್ಷಿಸಿ ಹೋಗು," ಎಂದರು ಗುರುಗಳು. "ಅಗೋ, ಕಾಳವ್ವ ಹಾಡುತ್ತಿದ್ದಾಳೆ."

ಕಾಳವ್ವ ಮಠಕ್ಕೆ ಹಿಟ್ಟು ಬೀಸಿಕೊಡುವವಳು. ಮಲಗಿದ್ದ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಬೀಸುಕಲ್ಲು ತಿರುಗಿಸುತ್ತಿದ್ದಳು.

ಅಣ್ಣನ ಹೊಲದಾ ಜೋಳಾ
ಬಣ್ಣದ ಬುಟ್ಟೀ ತುಂಬಾ
ಸಣ್ಣಗೆ ಬೀಸೇ

ಪರ್ವತಯ್ಯ ಬೆರಳು ಮಡಚಿ ಎಣಿಸಿದ.

"ಪ್ರಾಸ ಸರಿಯಿದೆ. ಮೊದಲೆರಡು ಸಾಲಿಗೆ ತಲಾ ಹನ್ನೆರಡು ಮಾತ್ರೆ. ಮೂರನೆಯದಕ್ಕೆ ಎಂಟೇ. ನಾಲ್ಕು ಬಿದ್ದುಹೋಗಿವೆ. 'ಸಣ್ಣಗೆ ಬೀಸೇ ತಂಗೀ' ಎಂದರೆ ತುಂಬುತ್ತದೆ."

ಕಾಳವ್ವ ಕಲ್ಲು ನಿಲ್ಲಿಸಿದಳು. "ನಮ್ಮವ್ವ, ಅವಳವ್ವ ಎಲ್ಲರೂ ಹೀಗೇ ಹಾಡಿದ್ದು ಸ್ವಾಮಿ."

"ಎಲ್ಲರೂ ತಪ್ಪೇ ಹಾಡಿದರು."

"ಎಂಟು ವರ್ಷ ನನ್ನ ಹಿಟ್ಟಿನ ರೊಟ್ಟಿ ತಿಂದಿರಿ. ತಪ್ಪು ಗಂಟಲಿಗೆ ಸಿಗಲಿಲ್ಲವೇ?"

ಗುರುಗಳು ನಕ್ಕರು. "ಏಳು ತಾಯಿ. ಇವತ್ತು ಇವನು ಬೀಸಲಿ, ತಿದ್ದಿದ ಪದವನ್ನೇ ಹಾಡುತ್ತ. ಆ ರೊಟ್ಟಿ ಉಂಡು ಅಪ್ಪಣೆಯ ಮಾತಾಡುತ್ತೇನೆ."

ಪರ್ವತಯ್ಯ ಕೂತ. ಹಾಡು ಎಲ್ಲೂ ತಡೆಯದೆ ಸಾಗಿತು. 'ತಂಗೀ' ಮುಗಿದ ಕೂಡಲೇ 'ಅಣ್ಣನ' ಶುರು. ಅವನಿಗೇ ಖುಷಿಯಾಯಿತು.

ಸ್ವಲ್ಪ ಹೊತ್ತಿಗೆ ಕಲ್ಲು ಕರಕರ ಎಂದಿತು. ಮಗು ಎದ್ದು ಅತ್ತಿತು.

"ಕಾಳು ಹಾಕಿ ಸ್ವಾಮಿ! ಕಲ್ಲಿಗೆ ಕಲ್ಲು ಉಜ್ಜುತ್ತಿದೆ!"

"ಹಾಡುತ್ತಿದ್ದೇನಲ್ಲ, ಯಾವಾಗ ಹಾಕಲಿ?"

"ನಾನು ಯಾವಾಗ ಹಾಕುತ್ತಿದ್ದೆ?"

ಪರ್ವತಯ್ಯ 'ಸಣ್ಣಗೆ ಬೀಸೇ' ಎಂದು ಮೆಲ್ಲಗೆ ಹೇಳಿಕೊಂಡ. ಅಲ್ಲಿಗೆ ನಿಂತ. ಅವನ ಎಡಗೈ ತಾನಾಗಿ ಕಾಳಿನ ಬುಟ್ಟಿಯ ಕಡೆ ಹೋಯಿತು.

ಮಧ್ಯಾಹ್ನ ಕಾಳವ್ವ ಅದೇ ಹಿಟ್ಟಿನ ರೊಟ್ಟಿ ತಟ್ಟಿ ಬಡಿಸಿದಳು. ಗುರುಗಳು ಕಚ್ಚಿದರು. ಕಟಕ್ ಎಂದಿತು. ಆದರೂ ಅಗಿದರು. ಒಂದು ಚೂರನ್ನೂ ಬಿಡಲಿಲ್ಲ.

ಪರ್ವತಯ್ಯ ತಲೆ ತಗ್ಗಿಸಿದ. "ಅಪ್ಪಣೆ ಕೇಳುವ ಮುಖ ನನಗಿಲ್ಲ ಗುರುಗಳೇ."

ಗುರುಗಳು ನಾಲಗೆಯ ಮೇಲಿಂದ ಒಂದು ಕಲ್ಲಿನ ಹರಳು ತೆಗೆದು ಅವನ ಅಂಗೈಯಲ್ಲಿಟ್ಟರು.

"ನೀನು ತುಂಬಿದ ನಾಲ್ಕು ಮಾತ್ರೆಯಲ್ಲಿ ಮೂರನ್ನು ನಾನು ನುಂಗಿದೆ. ಇದೊಂದನ್ನು ಜೊತೆಗೆ ಒಯ್ಯು, ಪಾಠ ಹೇಳುವಾಗ ಬೇಕಾಗುತ್ತದೆ."