ಗೆರೆ ಬಿದ್ದ ಲಿಲ್ಲಿ

ಹೊಳೆದಂಡೆಯ ಆಶ್ರಮದಲ್ಲಿ ಗಿರಿಜವ್ವನವರ ಶಿಷ್ಯ ಅಡಿವೆಪ್ಪ ಹೂದೋಟ ನೋಡಿಕೊಳ್ಳುತ್ತಿದ್ದ. ಹೋದ ವರ್ಷ ಅವನ ಕೆಂಪು ಲಿಲ್ಲಿಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ಎಸಳುಗಳ ಮೇಲೆ, ಯಾರೋ ಕುಂಚ ಹಿಡಿದು ಎಳೆದ ಹಾಗೆ, ಬಿಳಿ ಗೆರೆಗಳು ಮೂಡಿದವು.

ಬಂದವರು ಕೈಮುಗಿದರು. ಅವ್ವನ ತಪಸ್ಸಿನ ಫಲ ಎಂದರು. ಅಡಿವೆಪ್ಪನೂ ಹಾಗೇ ನಂಬಿದ.

ಗಿರಿಜವ್ವ ಮಾತ್ರ ಅದನ್ನು ನೋಡಿರಲಿಲ್ಲ. ಮಂಡಿನೋವಿನಿಂದ ಇಳಿಜಾರು ಇಳಿದು ತೋಟಕ್ಕೆ ಬರಲು ಅವರಿಗೆ ಆಗುತ್ತಿರಲಿಲ್ಲ. ಈ ವರ್ಷ ನೋವು ತಗ್ಗಿತು. ಮತ್ತೆ ಹೂಬಿಟ್ಟಾಗ ಅಡಿವೆಪ್ಪ ಕೈಹಿಡಿದು ಕರೆತಂದ. ಮೆಚ್ಚುಗೆಯ ಮಾತಿಗೆ ಕಾದು ನಿಂತ.

ಅವರು ಹೂವಿನ ಕಡೆ ಹೆಚ್ಚು ನೋಡಲಿಲ್ಲ. ಎಲೆಯೊಂದನ್ನು ಬೆಳಕಿಗೆ ಹಿಡಿದರು. ಹಸಿರಿನ ನಡುವೆ ಮಾಸಲು ಹಳದಿ ಪಟ್ಟೆಗಳು. ತುದಿ ತಿರುಚಿಕೊಂಡಿತ್ತು. ಮಗುಚಿದರೆ ಅಡಿಯಲ್ಲಿ ರಸ ಹೀರುವ ಗಿಡಹೇನು ಮುತ್ತಿತ್ತು.

"ಗುದ್ದಲಿ ತಾ," ಎಂದರು.

ಅವನು ತಂದುಕೊಟ್ಟ. ಅವರು ಬುಡ ಅಗೆದು, ಗಡ್ಡೆ ಸಮೇತ ಗಿಡವನ್ನು ಕಿತ್ತರು. ಪಕ್ಕದ್ದನ್ನೂ ಕಿತ್ತರು.

ಅಡಿವೆಪ್ಪ ಮುಂದೆ ಬಂದ. "ಅವ್ವಾ, ಏನು ಮಾಡ್ತಿದ್ದೀರಿ?"

"ಇದು ನಂಜುರೋಗ. ನೀನು ಚೆಂದ ಅಂದುಕೊಂಡ ಗೆರೆ ಅದರದ್ದೇ."

"ಔಷಧಿ ಹೊಡೀತೀನಿ."

"ಹೇನು ಸಾಯುತ್ತೆ. ಗಿಡದೊಳಗೆ ಹೊಕ್ಕಿದ್ದು ಹೋಗಲ್ಲ. ಬೆಂಕಿ ಹಾಕು."

ಅವನು ಬೆಂಕಿ ಹಾಕಿದ. ಆ ಹೂಮಡಿಯ ಕೆಂಪು ಲಿಲ್ಲಿಯಷ್ಟೂ ಅದರಲ್ಲಿ ಸುಟ್ಟುಹೋಯಿತು. ಹಸಿ ಗಡ್ಡೆಗಳು ಸಿಡಿದಾಗಲೆಲ್ಲ ಅವನು ಬೆಚ್ಚುತ್ತಿದ್ದ.

ಮಡಿಯ ತಲೆಯಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ಲಿಲ್ಲಿ ಉಳಿದಿತ್ತು. ಗಿರಿಜವ್ವ ಅದರ ಬುಡಕ್ಕೂ ಗುದ್ದಲಿ ಹಾಕಿದರು.

ಅಡಿವೆಪ್ಪ ಯೋಚಿಸದೆ ಗುದ್ದಲಿಯ ಕಾವು ಹಿಡಿದುಬಿಟ್ಟ. "ಇದು ನಿಮ್ಮ ಗುರುಗಳು ನೆಟ್ಟದ್ದು. ಒಂದು ಕಲೆಯೂ ಇಲ್ಲ ಇದರಲ್ಲಿ."

"ಈ ಜಾತಿ ತಾಳಿಕೊಳ್ಳುತ್ತೆ. ನಂಜನ್ನು ಒಳಗಿಟ್ಟುಕೊಂಡೇ ಚೆನ್ನಾಗಿ ಅರಳುತ್ತೆ. ಹೇನು ಇದರ ರಸ ಹೀರಿ ಪಕ್ಕದ್ದಕ್ಕೆ ಹೋಗುತ್ತೆ."

"ಇದರಿಂದಲೇ ಬಂತು ಅಂತ ಹೇಗೆ ಗೊತ್ತು?"

"ಬಂದಿಲ್ಲ ಅಂತ ನೀನು ಹೇಳಬಲ್ಲೆಯಾ?"

ಅವನ ಕೈ ಸಡಿಲವಾಯಿತು.

ಆ ಗಡ್ಡೆಯನ್ನು ಅವರೇ ಬೆಂಕಿಗೆ ಹಾಕಿದರು. ಮುಖ ಬದಲಾಗಲಿಲ್ಲ. ಆದರೆ ಅದು ಸುಟ್ಟು ಮುಗಿಯುವವರೆಗೂ ಅವರು ಬೆಂಕಿಯ ಮುಂದಿನಿಂದ ಕದಲಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರು ಕೇಳಿದರು, "ಗಡ್ಡೆ ಯಾರಿಗಾದರೂ ಕೊಟ್ಟಿದ್ದೀಯಾ?"

ಅಲ್ಲಿಯವರೆಗೆ ಅವನಿಗೆ ಅದು ಹೊಳೆದೇ ಇರಲಿಲ್ಲ.

"ಹೊಳೆಯಾಚೆ ಊರಿನ ಮನೆಮನೆಗೂ ಕೊಟ್ಟೆ. ಅವರವರ ಹೂಗಿಡಗಳ ನಡುವೆ ನೆಟ್ಟಿದ್ದಾರೆ. ದೀಪ ಹಚ್ಚಿಡುತ್ತಾರೆ ಅದರ ಮುಂದೆ."

"ಇವತ್ತೇ ಹೊರಡು. ಒಂದು ಮನೆಯೂ ಬಿಡದೆ ಹೋಗಿ ಕೀಳಿಸು. ಸುಡಿಸು."

ಅಡಿವೆಪ್ಪನಿಗೆ ಆ ಮನೆಯವರ ಒಂದೊಂದೇ ಮುಖ ಕಣ್ಣಮುಂದೆ ಬಂತು.

"ಅವ್ವನ ಪ್ರಸಾದ ಅಂತ ಹೇಳಿ ಕೊಟ್ಟಿದ್ದೇನೆ. ಈಗ ಏನಂತ ಹೇಳಲಿ?"

ಗಿರಿಜವ್ವ ಗುದ್ದಲಿಯನ್ನು ಕೆಳಗಿಟ್ಟರು.

"ಅವ್ವನಿಂದ ಬಂದ ರೋಗ ಅಂತ ಹೇಳು."